ಗೇಣುದ್ದದ ನೀರು ಹೇಳುವ ಜೀವದ ಲೆಕ್ಕ

ನಡುರಾತ್ರಿ. ಯಲಬುರ್ಗಾ ಸೀಮೆಯ ಎರೆಹೊಲದ ಊರು. ನನಗಾಗ ಏಳೋ ಎಂಟೋ ವರ್ಷ. ಕೊಟ್ಟಿಗೆಯಲ್ಲಿ ಕಂದೀಲು ಹಿಡಿದು ನಿಂತಿದ್ದೆ. ಹಸಿ ಕಡಲೆಗಿಡಕ್ಕೆ ಬಾಯಿ ಹಾಕಿ ಬಂದಿದ್ದ ಆಕಳ ಹೊಟ್ಟೆ ಕಾಸಿದ ಹಲಗೆಯಂತೆ ಬಿಗಿದಿತ್ತು. ಎಡಪಕ್ಕೆಯಲ್ಲಿ ಕುಳಿ ಇರಬೇಕಾದ ಜಾಗದಲ್ಲಿ ದಿಬ್ಬ ಎದ್ದಿತ್ತು. ನಾಲಿಗೆ ಹೊರಗೆ ಬಿದ್ದಿತ್ತು. “ತಮ್ಮಾ, ಅದಕ್ಕ ಉಸುರಾಡಾಕ ಆಗವಲ್ದು. ದನದ ಡಾಕ್ಟರನ್ನ ಕರ್ಕೊಂಡು ಬಾ, ಲಗೂನ!” ಎಂದು ದೊಡ್ಡಪ್ಪ ನಮ್ಮಪ್ಪನನ್ನು ಓಡಿಸಿದ್ದ.

ಡಾಕ್ಟರು ಬಂದರು. ದಿಬ್ಬದ ಮೇಲೆ ಬೆರಳಾಡಿಸಿ ಜಾಗ ಹಿಡಿದರು. ದಪ್ಪ ಸೂಜಿಯಂಥ ಕೊಳವೆಯನ್ನು ಒಂದೇ ಏಟಿಗೆ ಒಳಗೆ ಇಳಿಸಿದರು. ಸುಸ್ಸ್ ಎಂದು ಗಾಳಿ ನುಗ್ಗಿತು. ಕೊಟ್ಟಿಗೆ ತುಂಬ ಹುಳಿ ನಾತ. ನೋಡನೋಡುತ್ತಿದ್ದಂತೆ ಹೊಟ್ಟೆ ಇಳಿಯಿತು, ಉಸಿರು ಹದಕ್ಕೆ ಬಂತು, ಸಾಯಲು ಮಲಗಿದ್ದ ಆಕಳು ಎದ್ದು ನಿಂತಿತು! ಬೆಳಗಾಗುವಷ್ಟರಲ್ಲಿ ಮೆಲುಕು ಹಾಕುತ್ತಿತ್ತು.

ಆ ಸುಸ್ಸ್ ಎಂಬ ಸದ್ದು ನನ್ನ ಕಿವಿಯಿಂದ ಈವರೆಗೆ ಹೋಗಿಲ್ಲ. ಎಷ್ಟೋ ವರ್ಷಗಳ ಮೇಲೆ, ಐಸಿಯುದಲ್ಲಿ ದುಡಿಯುವ ಪರಿಚಯದ ವೈದ್ಯರೊಬ್ಬರಿಗೆ ಈ ಕಥೆ ಹೇಳಿದೆ. ಅವರು ಕೇಳಿ ಅರೆಗಳಿಗೆ ಸುಮ್ಮನಾದರು. ಆಮೇಲೆ ಅಂದರು: “ಮನುಷ್ಯಾರ ಹೊಟ್ಟೀನೂ ಹಂಗ ಬಿಗೀತೈತ್ರಿ. ಆಕಳದ್ದು ಊರಿಗೆಲ್ಲ ಕಾಣತೈತಿ. ಮನುಷ್ಯಾರದ್ದು ಮಂಚದ ಬಾಜೂಕ ನಿಂತ ನಮಗ ಕಾಣಂಗಿಲ್ಲ.”

ಅವತ್ತಿನಿಂದ ನಾನು ಈ ಮಾತಿನ ಬೆನ್ನು ಹತ್ತಿದ್ದೇನೆ. ಓದಿದಷ್ಟೂ ಬೆರಗು, ಕೇಳಿದಷ್ಟೂ ಬೆರಗು!

ನಮ್ಮ ಹೊಟ್ಟೆಯೊಳಗೆ ಒತ್ತಡವಿದೆ. ಬಿಪಿ ಎಂದರೆ ರಕ್ತನಾಳದ ಒತ್ತಡ, ಅದು ಎಲ್ಲರಿಗೂ ಗೊತ್ತು. ಆದರೆ ಕರುಳು, ಲಿವರ್, ಕಿಡ್ನಿ, ಗುಲ್ಮಗಳೆಲ್ಲ ಒತ್ತೊತ್ತಾಗಿ ಕುಳಿತ ಆ ಗೂಡಿಗೂ ತನ್ನದೇ ಒಂದು ಒತ್ತಡವಿದೆ. ತೀವ್ರ ಕಾಯಿಲೆಯಲ್ಲಿ ಮಲಗಿದ ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 5ರಿಂದ 7 ಮಿ.ಮೀ. ಪಾದರಸದಷ್ಟು. 12 ತಲುಪಿ ಅಲ್ಲೇ ನಿಂತರೆ ಅದು ಕಾಯಿಲೆ. 20 ದಾಟಿ ನಿಂತು, ಜೊತೆಗೆ ಯಾವುದಾದರೂ ಅಂಗ ಹೊಸದಾಗಿ ಕೈಕೊಟ್ಟರೆ ಅದಕ್ಕೆ ವೈದ್ಯಲೋಕ ಇಟ್ಟ ಹೆಸರು ‘ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್’. ಹೊಟ್ಟೆಯ ಗೂಡು ತನ್ನೊಳಗಿನ ಅಂಗಗಳನ್ನೇ ಹಿಸುಕುವ ಸ್ಥಿತಿ ಅದು.

ಊಟ ಹೆಚ್ಚಾಗಿ, ಗ್ಯಾಸ್ ತುಂಬಿ ಹೊಟ್ಟೆ ಉಬ್ಬರಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಬರುವುದು ಮೊದಲೇ ಜೀವನ್ಮರಣದ ನಡುವೆ ಮಲಗಿದವರಿಗೆ. ದೊಡ್ಡ ಅಪಘಾತ, ಸುಟ್ಟ ಗಾಯ, ಒಡೆದ ಕರುಳು, ಊದಿದ ಮೇದೋಜೀರಕ ಗ್ರಂಥಿ, ಮೈಯೆಲ್ಲ ಹರಡಿದ ಸೋಂಕು: ಇವುಗಳ ಬೆನ್ನಿಗೇ ಇದು ಹೆಜ್ಜೆಯ ಸಪ್ಪಳವಿಲ್ಲದೆ ಬರುತ್ತದೆ.

ಬಂದಾಗ ಒಳಗೇನಾಗುತ್ತದೆ ನೋಡಿ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆ ಮೇಲಕ್ಕೆ ತಳ್ಳಲ್ಪಟ್ಟು ಶ್ವಾಸಕೋಶಕ್ಕೆ ಜಾಗ ಸಾಲದಾಗುತ್ತದೆ. ಕಾಲು–ಸೊಂಟದಿಂದ ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿ ಅಮುಕಿಹೋಗುತ್ತದೆ. ಹೃದಯಕ್ಕೆ ಬರುವುದೇ ಕಡಿಮೆಯಾದ ಮೇಲೆ ಅದು ಹೊರಗೆ ಕೊಡುವುದಾದರೂ ಏನನ್ನು? ಕಿಡ್ನಿಯ ನಾಳಗಳು ಹಿಸುಕಿಹೋಗಿ ಮೂತ್ರ ಇಳಿಮುಖವಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಕರುಳಿಗೆ ರಕ್ತ ತಪ್ಪುತ್ತದೆ. ಒತ್ತಡ ಎದೆಯನ್ನು ದಾಟಿ ಮಿದುಳಿನವರೆಗೂ ಮುಟ್ಟುತ್ತದೆ! ಒಂದು ಗೂಡು ಬಿಗಿದರೆ ಇಡೀ ದೇಹವೇ ಬಿಗಿದಂತೆ.

ಇನ್ನು ಇದರ ಮೋಸ ಕೇಳಿ. ನನ್ನ ಮೈ ಜುಮ್ಮೆಂದದ್ದು ಇಲ್ಲಿಯೇ.

ಮಂಚದ ಕೆಳಗೆ ತೂಗುವ ಯೂರಿನ್ ಬ್ಯಾಗನ್ನು ಕಣ್ಣಮುಂದೆ ತಂದುಕೊಳ್ಳಿ. ಮೇಲೆ ಗೀಟು ಗೀಟಾಗಿ ಅಂಕಿ. ಸಂಜೆ ಒಂದು ಗೀಟಿನಲ್ಲಿತ್ತು, ರಾತ್ರಿ ಹತ್ತಕ್ಕೂ ಅಲ್ಲೇ ಇದೆ. ಬಿಪಿಯೂ ಇಳಿದಿದೆ. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ಯಾರಿಗಾದರೂ ಅನಿಸುತ್ತದೆ. ಸಲಾಯಿನ್ ಹಚ್ಚುತ್ತಾರೆ. ಎಷ್ಟೋ ಸಲ ಅದೇ ಸರಿಯಾದ ಮದ್ದು. ಆದರೆ ಒಳಗೆ ಹೊಟ್ಟೆ ಬಿಗಿದಿದ್ದರೆ? ಕಾಯಿಲೆಯಿಂದ ಸೋರತೊಡಗಿದ ರಕ್ತನಾಳಗಳು ಆ ಸಲಾಯಿನ್ ಅನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅದು ಕರುಳಿನ ಗೋಡೆಗೆ ಇಳಿಯುತ್ತದೆ, ಹೊಟ್ಟೆಯ ಬಯಲಿಗೆ ಇಳಿಯುತ್ತದೆ. ಒತ್ತಡ ಮತ್ತೂ ಏರುತ್ತದೆ, ಮೂತ್ರ ಮತ್ತೂ ಕಡಿಮೆಯಾಗುತ್ತದೆ. ಇನ್ನೊಂದು ಬಾಟ್ಲಿ! ಜೀವ ಉಳಿಸಬೇಕೆಂದು ಕೊಟ್ಟ ನೀರೇ ಜೀವದ ಮೇಲೆ ಕೂರುತ್ತದೆ. ಈ ಸುಳಿಯಿಂದ ಹೊರಬರಲು ದಾರಿ ಒಂದೇ. ‘ಹೊಟ್ಟೆಯ ಒತ್ತಡ ಎಷ್ಟಿದೆ?’ ಎಂದು ಯಾರಾದರೂ ಕೇಳಬೇಕು, ಕೇಳಿ ಅಳೆಯಬೇಕು.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದದ್ದೇ ಎಂದರೆ, ಇಲ್ಲ! 1876ರಲ್ಲಿಯೇ ಜರ್ಮನಿಯ ವೆಂಟ್ ಎಂಬ ವೈದ್ಯ ಹೊಟ್ಟೆಯ ಒತ್ತಡ ಏರಿದಷ್ಟೂ ಮೂತ್ರ ಇಳಿಯುತ್ತದೆ ಎಂದು ಬರೆದಿಟ್ಟ. 1911ರಲ್ಲಿ ನ್ಯೂಯಾರ್ಕಿನ ಹೇವನ್ ಎಮರ್ಸನ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಒತ್ತಡ ಏರಿದಾಗ ಉಸಿರು ಕಟ್ಟುವ ಮೊದಲೇ ಹೃದಯ ಸೋಲಬಹುದು ಎಂದು ತೋರಿಸಿದ. ಆಮೇಲೆ? ಲೋಕ ಮರೆತುಬಿಟ್ಟಿತು. ಕಂಡದ್ದನ್ನು ಮತ್ತೆ ಕಾಣಲು ಹತ್ತಿರಹತ್ತಿರ ಮುಕ್ಕಾಲು ಶತಮಾನ ಬೇಕಾಯಿತು.

1984ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಇರ್ವಿಂಗ್ ಕ್ರಾನ್ ಮತ್ತು ಜೊತೆಗಾರರು ಒಂದು ಪುಟ್ಟ ಲೇಖನ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ಬಳಿಕ ಮೂತ್ರ ನಿಂತು, ಹೊಟ್ಟೆಯ ಒತ್ತಡ ಅತಿಯಾಗಿ ಏರಿದ್ದ 11 ರೋಗಿಗಳ ಕಥೆ ಅದು. 7 ಮಂದಿಯ ಹೊಟ್ಟೆಯನ್ನು ಮತ್ತೆ ತೆರೆದು ಒತ್ತಡ ಇಳಿಸಿದರು. ಬತ್ತಿದ ಝರಿಗೆ ಮಳೆ ಬಂದಂತೆ ಮೂತ್ರ ಹರಿಯಿತು! ತೆರೆಯದ 4 ಮಂದಿಯ ಕಿಡ್ನಿ ಸೋತಿತು, ಅವರು ಉಳಿಯಲಿಲ್ಲ. ಹನ್ನೊಂದೇ ಜನ. ಆದರೂ ಆ ಲೇಖನ ಓದುವಾಗ ನನಗೆ ಕೊಟ್ಟಿಗೆಯ ಆ ಸದ್ದು ಮತ್ತೆ ಕೇಳಿಸಿತು.

1989ರಲ್ಲಿ ಕಾಯಿಲೆಗೆ ಈಗಿನ ಹೆಸರು ಬಂತು. 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಸೇರಿದ ನಾನಾ ದೇಶಗಳ ವೈದ್ಯರು ಇದಕ್ಕಾಗಿಯೇ ಒಂದು ಜಾಗತಿಕ ಸಂಘ ಕಟ್ಟಿದರು. ಎಷ್ಟಿದ್ದರೆ ಸಹಜ, ಎಷ್ಟಾದರೆ ಅಪಾಯ, ಹೇಗೆ ಅಳೆಯಬೇಕು ಎಂಬುದನ್ನೆಲ್ಲ ಆ ಸಂಘವೇ ಗೊತ್ತುಮಾಡಿ 2013ರಲ್ಲಿ ಪರಿಷ್ಕರಿಸಿತು.

ಇದು ಎಲ್ಲೋ ಅಪರೂಪಕ್ಕೆ ಬರುವ ಕಾಯಿಲೆ ಇರಬೇಕು ಎಂದುಕೊಂಡಿದ್ದೆ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಆ ಭ್ರಮೆ ಬಿಡಿಸಿತು. 15 ಐಸಿಯುಗಳ 491 ರೋಗಿಗಳನ್ನು ಅಳೆದಿದ್ದರು. ಸೇರಿದ ದಿನವೇ ಶೇ 34 ಮಂದಿಯಲ್ಲಿ ಹೊಟ್ಟೆಯ ಒತ್ತಡ ಹೆಚ್ಚಿತ್ತು. ಮುಂದಿನ ದಿನಗಳನ್ನೂ ಸೇರಿಸಿದರೆ ಹತ್ತಿರಹತ್ತಿರ ಅರ್ಧದಷ್ಟು ಮಂದಿಯಲ್ಲಿ! ಎಲ್ಲರೂ 20 ದಾಟಿದವರಲ್ಲ, ನಿಜ. ಆದರೂ ಐಸಿಯುದಲ್ಲಿ ಅಕ್ಕಪಕ್ಕ ಮಲಗಿದ ಇಬ್ಬರಲ್ಲಿ ಒಬ್ಬರು ಎಂದರೆ ಸಾಮಾನ್ಯವೇ?

ಹಾಗಾದರೆ ಅನುಭವಿ ವೈದ್ಯರು ಹೊಟ್ಟೆ ಮುಟ್ಟಿ ನೋಡಿದರೆ ತಿಳಿಯುವುದಿಲ್ಲವೇ? ನನ್ನದೂ ಇದೇ ಪ್ರಶ್ನೆಯಾಗಿತ್ತು. ಕೆನಡಾದ ಶಸ್ತ್ರವೈದ್ಯರು ತಮ್ಮ ಕೈಯನ್ನೇ ಪರೀಕ್ಷೆಗೆ ಒಡ್ಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ತೀವ್ರ ಗಾಯಾಳುಗಳ ಹೊಟ್ಟೆಯನ್ನು ಮೊದಲು ಮುಟ್ಟಿ ಅಂದಾಜು ಮಾಡುವುದು, ಆಮೇಲೆ ಅಳೆದು ತಾಳೆ ನೋಡುವುದು. ಒತ್ತಡ ನಿಜಕ್ಕೂ ಏರಿದ್ದವರಲ್ಲಿ ಸುಮಾರು ಅರ್ಧದಷ್ಟು ಸಲ ಕೈಗೆ ಅದು ತಿಳಿದೇ ಇರಲಿಲ್ಲ! ಹೊಟ್ಟೆ ಮುಟ್ಟಿ ನುರಿತ ಕೈಗಳು ಅವು. ಅಂದರೆ ಕೊರತೆ ಕೈಯ ಪಳಗಿಕೆಯದಲ್ಲ. ಮನುಷ್ಯನ ಬೆರಳಿಗೆ ಈ ಭಾಷೆ ಓದಲು ಬರುವುದೇ ಇಲ್ಲ.

ಹಲವು ದೇಶಗಳಲ್ಲಿ ವೈದ್ಯರನ್ನೇ ಕೇಳಿ ಸಮೀಕ್ಷೆಗಳು ನಡೆದಿವೆ. ಕಾಯಿಲೆಯ ಹೆಸರು ಕೇಳಿದವರು ಬಹಳ. 12 ಮತ್ತು 20ರ ಗೆರೆ ಸರಿಯಾಗಿ ಬಲ್ಲವರು ಅದಕ್ಕಿಂತ ಕಡಿಮೆ. ತಪ್ಪದೆ ಅಳೆಯುವವರು ಇನ್ನೂ ಕಡಿಮೆ. ಅಷ್ಟೆಲ್ಲ ಯಂತ್ರ, ಅಷ್ಟೆಲ್ಲ ತಜ್ಞರಿರುವ ದೇಶಗಳ ಕಥೆಯೇ ಹೀಗೆ. ಹೆಸರು ಗೊತ್ತಿರುವುದಕ್ಕೂ ಇವತ್ತು ರಾತ್ರಿ ಈ ಮಂಚದ ರೋಗಿಯದು ಎಷ್ಟು ಎಂದು ಗೊತ್ತಿರುವುದಕ್ಕೂ ನಡುವೆ ಒಂದು ಕಂದರ ಇದೆ.

ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಈ ವ್ಯತ್ಯಾಸ ವಿವರಿಸಿ ಹೇಳಬೇಕಾಗಿಲ್ಲ. ಮುನಿರಾಬಾದಿನ ತುಂಗಭದ್ರಾ ಡ್ಯಾಂ ತುಂಬುವುದು 1633 ಅಡಿಗೆ. ಮಳೆಗಾಲದಲ್ಲಿ ಗಂಗಾವತಿಯ ಚಹಾದಂಗಡಿಯಲ್ಲಿ ಮೊದಲ ಮಾತೇ “ಡ್ಯಾಂ ಎಷ್ಟ್ ಆತೋ ಮಾರಾಯಾ?” ಪೇಪರ್ ಬಿಚ್ಚಿದರೆ ಮೊದಲು ಡ್ಯಾಂ ಮಟ್ಟ ಹಾಕಿದ ಮೂಲೆಗೇ ಕಣ್ಣು. ನಾಟಿ ಹಾಕುವುದೋ ಬಿಡುವುದೋ, ನಂಬಿಕೆಯೆಲ್ಲ ಆ ಅಂಕಿಯ ಮೇಲೆ. ನೀರು ತುಂಬಿದಂತೆ ಕಾಣುತ್ತದೆ ಎಂದು ದಂಡೆಯ ಮೇಲೆ ನಿಂತು ಯಾರೂ ನಿರ್ಧಾರ ಮಾಡುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಮಾಡಿದ್ದೇನು? ಉಳಿದ ಗೇಟುಗಳನ್ನೂ ಎತ್ತಿ ನೀರಿನ ಭಾರ ಇಳಿಸಿದರು. ಬೆಳೆಯ ನೀರು ನದಿಗೆ ಹೋಗುವುದನ್ನು ನೋಡಿ ರೈತರ ಕರುಳು ಚುರ್ ಎಂದಿತು. ಆದರೆ ಕಟ್ಟೆ ಉಳಿಯಬೇಕಲ್ಲ! ಒತ್ತಡವನ್ನು ಅಂಕಿಯಲ್ಲಿ ತಿಳಿದು, ಹೊತ್ತು ಮೀರುವ ಮೊದಲು ಇಳಿಸುವ ವಿದ್ಯೆ ಈ ಜಿಲ್ಲೆಗೆ ನೀರಿನ ಜೊತೆಗೇ ಬಂದಿದೆ.

ಈಗ ಬೆರಗಿನ ಬೆರಗಿಗೆ ಬಂದೆ. ಹೊಟ್ಟೆಯ ಡ್ಯಾಂ ಲೆವೆಲ್ ಅಳೆಯುವುದು ಹೇಗೆ?

ಮನೆ ಕಟ್ಟುವಾಗ ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪು ಗೊತ್ತಲ್ಲ? ಪಾರದರ್ಶಕ ಪೈಪು, ಒಳಗೆ ನೀರು, ಈ ಮೂಲೆಗೊಬ್ಬ ಆ ಮೂಲೆಗೊಬ್ಬ. “ಅಣ್ಣಾ, ನಿಂದ್ರಿಸು… ಹಾಂ, ಗುರ್ತ್ ಹಾಕು!” ಅಷ್ಟೇ. ಹೊಟ್ಟೆಯ ಒತ್ತಡ ಅಳೆಯುವುದೂ ಅದೇ ನಿಯಮದಿಂದ! ಇದಕ್ಕೆ ಹೊಟ್ಟೆಗೆ ಸೂಜಿ ಚುಚ್ಚಬೇಕಾಗಿಲ್ಲ. ಮೂತ್ರಕೋಶ ಇರುವುದು ಹೊಟ್ಟೆಯ ಗೂಡಿನ ತಳದಲ್ಲಿ, ಅದರ ಗೋಡೆ ಮೆದು. ಗೂಡಿನಲ್ಲಿ ಎಷ್ಟು ಒತ್ತಡವೋ ಅಷ್ಟನ್ನೂ ಅದು ತನ್ನೊಳಗಿನ ನೀರಿಗೆ ಹಾಗೆಯೇ ದಾಟಿಸುತ್ತದೆ. ತೀವ್ರ ರೋಗಿಗೆ ಮೂತ್ರದ ಪೈಪು ಹೇಗೂ ಹಾಕಿರುತ್ತಾರೆ. ಒಳಗೆ ನೋಡುವ ಕಿಟಕಿ ಮೊದಲೇ ತೆರೆದಿದೆ, ಇಣುಕುವವರು ಬೇಕು!

ಹತ್ತಿರ ನಿಂತು ನೋಡಿದರೆ ಹೀಗೆ. ರೋಗಿಯನ್ನು ಅಂಗಾತ, ಮಟ್ಟಸವಾಗಿ ಮಲಗಿಸುತ್ತಾರೆ. ಸೊಂಟದ ಎಲುಬಿನ ಮೇಲಂಚಿನಲ್ಲಿ, ಕಂಕುಳ ನಡುವಿನಿಂದ ಇಳಿದ ಗೆರೆ ಕೂಡುವ ಜಾಗವೇ ಸೊನ್ನೆ. ಆ ಮೂತ್ರದ ಪೈಪು, ಅಂದರೆ ಕ್ಯಾಥೆಟರ್ ಮೂಲಕ ಸೋಂಕಿಲ್ಲದ ಸಲಾಯಿನ್ ಒಳಗೆ ಬಿಡುತ್ತಾರೆ. ಹೆಚ್ಚೆಂದರೆ 25 ಮಿ.ಲೀ., ಸಣ್ಣ ಚಹಾ ಕಪ್ಪಿನ ಅರ್ಧವೂ ಇಲ್ಲ. ಮೂತ್ರಕೋಶದ ಸ್ನಾಯು ಸಡಿಲಾಗಲು ಅರ್ಧ–ಒಂದು ನಿಮಿಷ ಕಾಯುತ್ತಾರೆ. ಪೈಪನ್ನು ನೇರ ಮೇಲಕ್ಕೆ ಹಿಡಿಯುತ್ತಾರೆ. ನೀರು ಏರುತ್ತದೆ, ಒಂದೆಡೆ ನಿಲ್ಲುತ್ತದೆ. ನಿಂತ ನೀರೂ ಸುಮ್ಮನಿರುವುದಿಲ್ಲ. ರೋಗಿ ಉಸಿರೆಳೆದಾಗ ಚೂರು ಮೇಲೆ, ಬಿಟ್ಟಾಗ ಚೂರು ಕೆಳಗೆ. ಆ ತೂಗಾಟವೇ ಅಳತೆ ಸರಿಯಿದೆ ಎಂಬುದರ ಸಾಕ್ಷಿ! ಉಸಿರು ಬಿಟ್ಟ ಕೊನೆಯಲ್ಲಿ ಸ್ಕೇಲಿನಿಂದ ಎತ್ತರ ನೋಡಿ, ಸೆಂ.ಮೀ. ಅನ್ನು 1.36ರಿಂದ ಭಾಗಿಸಿದರೆ ಪಾದರಸದ ಲೆಕ್ಕ.

ನಾನು ಮನೆಗೆ ಬಂದು ಮೇಜಿನ ಮೇಲೆ ಕೈಯಿಟ್ಟು ಅಳೆದೆ. ಸಹಜ ಒತ್ತಡವೆಂದರೆ 7ರಿಂದ 9.5 ಸೆಂ.ಮೀ. ನೀರು, ನಾಲ್ಕು ಬೆರಳಿನಷ್ಟು. 12 ಮಿ.ಮೀ. ಪಾದರಸ ಎಂದರೆ 16 ಸೆಂ.ಮೀ. ನೀರು. ನನ್ನ ಗೇಣು 22 ಸೆಂ.ಮೀ. ಇದೆ. 20 ಮಿ.ಮೀ. ಎಂಬ ಆ ಭಯಂಕರ ಗೆರೆ 27 ಸೆಂ.ಮೀ. ಅಂದರೆ ಒಂದು ಗೇಣು, ಮೇಲೆ ಎರಡು–ಮೂರು ಬೆರಳು! ಗೇಣು ಹೊಟ್ಟೆ ಎಂದು ಹಿರಿಯರು ಅನ್ನದ ಲೆಕ್ಕದಲ್ಲಿ ಅಂದರು. ಆ ಹೊಟ್ಟೆಯ ಸಾವು–ಬದುಕಿನ ಗೆರೆಯೂ ಗೇಣಿನ ಆಸುಪಾಸಿನಲ್ಲೇ ಇದೆ ಎಂದು ತಿಳಿದಾಗ ನಾನು ನನ್ನ ಅಂಗೈಯನ್ನೇ ಬಹಳ ಹೊತ್ತು ನೋಡುತ್ತ ಕೂತೆ.

ಈ ಅಳತೆ ನಮಗೇಕೆ ಇಷ್ಟು ಬೇಕು? ಗಂಗಾವತಿಯ ಗದ್ದೆಗಳಲ್ಲಿ ಕೊಳಕುಮಂಡಲ ಕಡಿದರೆ ಕೆಲವರ ರಕ್ತನಾಳಗಳು ಸೋರತೊಡಗುತ್ತವೆ. ಡೆಂಗಿ ಕೈಮೀರಿದ ಮಕ್ಕಳಲ್ಲೂ ಅದೇ ಸೋರಿಕೆ, ಹೊಟ್ಟೆಯಲ್ಲಿ ನೀರು. ಮಕ್ಕಳಿಗಂತೂ ಗೆರೆ ಇನ್ನೂ ಕೆಳಗೆ: 10 ದಾಟಿ ನಿಂತು ಅಂಗವೊಂದು ಸೋತರೂ ಅಪಾಯವೇ. ಕುಷ್ಟಗಿಯ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹಗಲು ರಾತ್ರಿ ಲಾರಿಗಳ ಸಾಲು, ಯಲಬುರ್ಗಾದ ಹೊಲದ ಬದುವಿನಲ್ಲಿ ಮಗುಚುವ ಟ್ರ್ಯಾಕ್ಟರ್. ಕುಡಿತ ಹೆಚ್ಚಾಗಿ ಮೇದೋಜೀರಕ ಗ್ರಂಥಿ ಊದಿಸಿಕೊಂಡು ಬರುವ ಗಂಡಸರು. ದೊಡ್ಡ ಆಸ್ಪತ್ರೆಗೆ ಎಂದು ಬರೆದುಕೊಟ್ಟರೆ ಕೊಪ್ಪಳದಿಂದ ಹುಬ್ಬಳ್ಳಿಗೆ 100 ಕಿ.ಮೀ. ಮೀರಿದ ದಾರಿ. ಆಂಬುಲೆನ್ಸ್ ಹೊರಡುವ ಮೊದಲು ಚೀಟಿಯಲ್ಲಿ ಬಿಪಿ, ನಾಡಿ, ಆಕ್ಸಿಜನ್ ಜೊತೆಗೆ ‘ಹೊಟ್ಟೆಯ ಒತ್ತಡ 18’ ಎಂದು ಇನ್ನೊಂದು ಅಂಕಿ ಇದ್ದರೆ ಆ ಕಡೆಯ ವೈದ್ಯರಿಗೆ ಅರ್ಧ ಕಥೆ ಮೊದಲೇ ಗೊತ್ತಾಗಿರುತ್ತದೆ!

ತಿಳಿದ ಮೇಲೆ ಇಳಿಸುವ ದಾರಿಗಳೂ ಬಹುಪಾಲು ಸರಳವಾಗಿಯೇ ಶುರುವಾಗುತ್ತವೆ. ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿ ಜಠರ ಖಾಲಿ ಮಾಡುವುದು, ಎನಿಮಾ ಕೊಡುವುದು, ನೋವಿಗೆ ಮದ್ದು ಕೊಟ್ಟು ಹೊಟ್ಟೆಯ ಸ್ನಾಯು ಸಡಿಲಿಸುವುದು, ತುಂಬಿದ ನೀರನ್ನು ಸಣ್ಣ ಕೊಳವೆಯಿಂದ ತೆಗೆಯುವುದು, ಸಲಾಯಿನ್ ಅಳೆದು ತೂಗಿ ಕೊಡುವುದು. ಸರಾಸರಿ ಬಿಪಿಯಿಂದ ಹೊಟ್ಟೆಯ ಒತ್ತಡ ಕಳೆದರೆ ಉಳಿಯುವುದೇ ಅಂಗಗಳಿಗೆ ಸಿಗುವ ಬಲ. 65ರಲ್ಲಿ 20 ಕಳೆದರೆ 45. ಮಾನಿಟರಿನ 65 ನೋಡಿ ಪರವಾಗಿಲ್ಲ ಎಂದುಕೊಂಡಿರುವಾಗ ಒಳಗೆ ಕಿಡ್ನಿ 45ರಲ್ಲಿ ಬಾಯಾರುತ್ತಿರುತ್ತದೆ!

ಇದ್ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಹೊಟ್ಟೆ ತೆರೆಯಲೇಬೇಕು. ತೆರೆದದ್ದನ್ನು ತಕ್ಷಣ ಹೊಲಿಯುವಂತಿಲ್ಲ, ಹೊಲಿದರೆ ಮತ್ತೆ ಒತ್ತಡ. ಊದಿದ ಕರುಳನ್ನು ದಿನಗಟ್ಟಲೆ ಕಾಪಾಡುವುದು ಹೇಗೆ? 1984ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಓಸ್ವಾಲ್ಡೊ ಬೊರಾಯೆಸ್ ಎಂಬ ತರುಣ ಸರ್ಜನ್, ಸಲಾಯಿನ್ ತುಂಬಿ ಬರುವ ಪ್ಲಾಸ್ಟಿಕ್ ಚೀಲವನ್ನೇ ಕತ್ತರಿಸಿ, ಶುದ್ಧಗೊಳಿಸಿ, ಗಾಯದ ಅಂಚಿಗೆ ಹೊಲಿದುಬಿಟ್ಟ! ಹೊಟ್ಟೆಗೆ ಹಿಗ್ಗಲು ಜಾಗ, ಕರುಳಿಗೆ ಹೊದಿಕೆ, ಹೊರಗಿನಿಂದ ನೋಡಲು ಪಾರದರ್ಶಕ ಕಿಟಕಿ. ‘ಬೊಗೊಟಾ ಚೀಲ’ ಎಂಬ ಹೆಸರಿನಲ್ಲಿ ಅದು ಲೋಕವನ್ನೇ ಸುತ್ತಿತು. ತುಂಬಿದ್ದಾಗ ಒತ್ತಡ ಏರಿಸಬಲ್ಲ ಅದೇ ಚೀಲ ಖಾಲಿಯಾದಾಗ ಜೀವ ಹೊದೆಸಿತು. ಬಡ ಆಸ್ಪತ್ರೆಯಲ್ಲಿ ಹುಟ್ಟಿದ ಉಪಾಯಕ್ಕೆ ಶ್ರೀಮಂತ ಆಸ್ಪತ್ರೆಗಳು ತಲೆಬಾಗಿದವು.

ಆದ್ದರಿಂದಲೇ ನನಗೆ ನಮ್ಮ ಜಿಲ್ಲೆಯ ಮೇಲೆ ಭರವಸೆ. ಕೊಪ್ಪಳಕ್ಕೆ 2015ರಲ್ಲಿ ವೈದ್ಯಕೀಯ ಕಾಲೇಜು ಬಂತು. ಅಲ್ಲಿ ಓದುವ ಹುಡುಗ ಹುಡುಗಿಯರು ನಾಳೆ ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ವಾರ್ಡುಗಳಲ್ಲಿ ನಿಲ್ಲುವವರು. ಈ ಅಳತೆಗೆ ಬೇಕಾದ ಕ್ಯಾಥೆಟರ್, ಸಿರಿಂಜು, ಸಲಾಯಿನ್, ಸ್ಕೇಲು ಎಲ್ಲವೂ ಅವರ ಕೈಗೆ ಎಟುಕುವಂಥವೇ. ಅಪಾಯದಲ್ಲಿರುವ ರೋಗಿಗೆ ನಾಲ್ಕರಿಂದ ಆರು ತಾಸಿಗೊಮ್ಮೆ ಅಳೆಯಿರಿ ಎನ್ನುತ್ತದೆ ಆ ಜಾಗತಿಕ ಸಂಘ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಕಲಿತರೂ ಸಾಕು, ಆ ವಾರ್ಡಿಗೆ ಒಂದು ಕಣ್ಣು ಹೆಚ್ಚಾಯಿತು. ಮಂಚದ ಬದಿಗೆ ನಿಂತ ಮನೆಯವರೂ ವಿನಯದಿಂದ ಕೇಳಬಹುದು: “ಡಾಕ್ಟ್ರ, ನಮ್ಮಪ್ಪಂದು ಉಚ್ಚಿ ನಿಂತೈತ್ರಿ, ಹೊಟ್ಟಿ ಬಿಗದೈತ್ರಿ. ಹೊಟ್ಟಿ ಪ್ರೆಶರ್ ಒಮ್ಮೆ ಅಳದು ನೋಡ್ತೀರೇನ್ರಿ?” ಅಳೆದು ‘8 ಇದೆ’ ಎಂದರೆ ಅದೂ ಸಿಹಿಸುದ್ದಿಯೇ.

ಅವತ್ತು ಕೊಟ್ಟಿಗೆಯಲ್ಲಿ ದನದ ಡಾಕ್ಟರು ಕೊಳವೆ ಇಳಿಸುವ ಮೊದಲು ದೊಡ್ಡಪ್ಪ ಆಕಳ ನೋವು ಗುರುತಿಸಿದ್ದ. ಅದು ಉಬ್ಬಿದ್ದು ಕಣ್ಣಿಗೆ ಕಂಡಿತ್ತು, ಅದಕ್ಕೇ ಅಪ್ಪ ಕತ್ತಲಲ್ಲಿ ಓಡಿದ್ದ. ಮನುಷ್ಯರ ಹೊಟ್ಟೆ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಪೈಪು ಎತ್ತಿ ಹಿಡಿದಾಗ ಮಾತ್ರ ಒಳಗಿನ ಸಂಕಟ ನೀರಾಗಿ ಮೇಲೇರಿ, ಉಸಿರಿನೊಂದಿಗೆ ತೂಗುತ್ತ, ನಾಲ್ಕು ಬೆರಳೋ ಒಂದು ಗೇಣೋ ಎಂದು ಹೇಳುತ್ತದೆ.